ಆಚಾರ್ರ ಗಿಂಡಿ ನೀರು

ಸ್ಪಂಜನ್ನು ಉಪ್ಪುನೀರಿಗೆ ಹಾಕಿದ ಕೂಡಲೇ ಒಂದು ವಾಸನೆ ಏಳುತ್ತದೆ, ಹೊಳೆದಂಡೆಯಲ್ಲಿ ಒದ್ದೆ ಬಟ್ಟೆ ಹಿಂಡಿದಾಗ ಬರುವಂಥದ್ದು. ಸೇಡಂನ ನಮ್ಮ ಫಿಜಿಯೋಥೆರಪಿ ಕೋಣೆಯಲ್ಲಿ ಇದು ದಿನದ ಕೆಲಸ. ಆದರೂ ಇಂದು ಬೆಳಿಗ್ಗೆ ಕೈ ಅಲ್ಲೇ ನಿಂತುಬಿಟ್ಟಿತು. ಕಾಗಿಣಾ ಹೊಳೆ, ಅದರ ಮೇಲಿನ ಮಂಜು, ಆಚಾರ್ರ ತೊಯ್ದ ಬೆನ್ನು…

ಅವರು ಮಳಖೇಡದಲ್ಲಿ ನಮ್ಮ ಓಣಿಯ ಹನುಮಪ್ಪನ ಗುಡಿಯ ಪೂಜೆಯವರು. ನಸುಕಿನಲ್ಲಿ ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ತಾಮ್ರದ ಗಿಂಡಿ ತುಂಬಿಕೊಂಡು, ಸ್ತೋತ್ರ ಹೇಳುತ್ತ ಗುಡಿಗೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯವರೂ ಅವರನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮಡಿ ಕೆಟ್ಟಿತು, ಆ ನೀರು ದೇವರಿಗೆ ಸಲ್ಲದು. ಏಳು ವರ್ಷದವಳಿದ್ದಾಗ ನಾನು ಕರುವಿನ ಹಿಂದೆ ಓಡುತ್ತ ಅವರಿಗೆ ಡಿಕ್ಕಿ ಹೊಡೆದಿದ್ದೆ. ಅವರು ಬೈಯಲಿಲ್ಲ. ನೀರನ್ನು ಬೇವಿನ ಬುಡಕ್ಕೆ ಸುರಿದು ಮತ್ತೆ ಹೊಳೆಯತ್ತ ನಡೆದರು. ಬೈದಿದ್ದರೇ ವಾಸಿಯಿತ್ತು. ಆ ಮೌನ ನನ್ನನ್ನು ಎಷ್ಟೋ ದಿನ ಕಾಡಿತು.

ವರ್ಷಗಳ ಮೇಲೆ ಅವರೇ ಲಕ್ವಾ ಹೊಡೆದು ನನ್ನ ಕೋಣೆಗೆ ಬಂದರು. ಕೂತಿದ್ದರೆ ಸ್ತೋತ್ರ ಹೇಳುತ್ತಿದ್ದರು, ಸುಮ್ಮನಿದ್ದರೆ ಮೆಲ್ಲಗೆ ನಡೆಯುತ್ತಿದ್ದರು. ಎರಡೂ ಕೂಡಿ ಮಾತ್ರ ಆಗುತ್ತಿರಲಿಲ್ಲ. ಬಾಯಿ ತೆರೆದರೆ ಬಲಗಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

"ಗುಡಿಗೆ ನಳ ಬಂದದ. ತಮ್ಮನ ಮಗ ಅದರಾಗೇ ನೀರು ಹಿಡದು ಪೂಜಾ ಮಾಡ್ಲಿಕತ್ತಾನ. ನನ್ನ ಮನಸ್ಸು ಒಪ್ಪವಲ್ದು ತಂಗಿ," ಎಂದರು. "ಒಂದ ಸಲ… ಒಂದ ಸಲ ಹೊಳಿ ನೀರು ನಾನ ತರಬೇಕು."

ತಲೆಗೆ ಒದ್ದೆ ಸ್ಪಂಜು ಇಟ್ಟು, ಪಟ್ಟಿ ಬಿಗಿದು, ಅಂಗೈಯಗಲದ ಪೆಟ್ಟಿಗೆಯಿಂದ ತೀರ ಸಣ್ಣ ವಿದ್ಯುತ್ ಹರಿಸುತ್ತೇವೆ. ಅದೇನು ಮಂತ್ರದಂಡವಲ್ಲ. ಮಿದುಳನ್ನು ಒಂಚೂರು ಎಚ್ಚರಿಸಿದರೆ ಆಮೇಲಿನ ಅಭ್ಯಾಸ ಚೆನ್ನಾಗಿ ಹತ್ತೀತೆಂಬ ಆಸೆ, ಅಷ್ಟೇ. ಮಂದಿಯ ತಲೆಗೆ ಹಚ್ಚಿದ್ದು ಬೇಡವೆಂದು ಅವರು ಹೊಸ ಸ್ಪಂಜಿನ ಜೋಡಿ ತೆಗೆಸಿದರು. ನೆನೆಸುವ ನೀರನ್ನೂ ಮನೆಯಿಂದಲೇ ಬಾಟ್ಲಿಯಲ್ಲಿ ತಂದರು. ಪೆಟ್ಟಿಗೆ ಶುರುವಾದಾಗ ಕಣ್ಣು ಮುಚ್ಚಿ, "ಇರಿವಿ ಹರದಂಗ ಆಗ್ಲಿಕತ್ತದ," ಎಂದು ನಕ್ಕರು.

ಆಮೇಲೆ ಅಭ್ಯಾಸ. ಕೈಯಲ್ಲಿ ತುಂಬಿದ ಲೋಟ ಹಿಡಿದು, ಮಾತಾಡುತ್ತ, ಗೋಡೆಯಿಂದ ಗೋಡೆಗೆ ನಡೆಯಬೇಕು. ಸ್ತೋತ್ರವನ್ನೇ ಹೇಳಿ ಎಂದುಬಿಟ್ಟೆ.

"ಕಾಲಾಗ ಬೂಟು ಅದಾವ. ಹ್ಯಾಂಗ ಹೇಳ್ಲಿ?" ಎಂದರು.

ಅದೇ ಓಣಿಯಲ್ಲಿ ಬೆಳೆದ ನನಗೆ ಅಷ್ಟೂ ತಿಳಿಯಬಾರದೆ! ಕೊನೆಗೆ ರೈಲು ಸ್ಟೇಷನ್ನುಗಳ ಹೆಸರು ಹೇಳುವುದೆಂದಾಯಿತು. ವಾಡಿ… ಚಿತ್ತಾಪುರ… ಮಳಖೇಡ ರೋಡ… ಸೇಡಂ… ಕಡೆಗೆ ತಾಂಡೂರ. ಮೊದಲ ವಾರ ಅವರ ಗಾಡಿ ವಾಡಿಯನ್ನೇ ಬಿಡಲಿಲ್ಲ. ನೀರೆಲ್ಲ ನೆಲಕ್ಕೆ, ಒರೆಸುವ ಬಟ್ಟೆ ನನ್ನ ಕೈಗೆ. ಮುಂದೆ ಚಿತ್ತಾಪುರ ದಾಟಿತು. ಒಂದು ದಿನ ಎದುರು ಗೋಡೆ ಮುಟ್ಟಿ ತಿರುಗಿ ನೋಡಿದರು.

"ತಾಂಡೂರ ಬಂತು ತಂಗಿ. ಇಳೀಲೇನು?"

ಲೋಟದಲ್ಲಿ ನೀರು ಹಾಗೇ ಇತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಕಾರ್ತಿಕದ ಒಂದು ನಸುಕಿಗೆ ನನ್ನನ್ನು ಹೊಳೆಗೆ ಕರೆದರು. "ಹಿಂದಿಂದ ಬಾ. ಮುಟ್ಟಬ್ಯಾಡ ಮತ್ತ," ಎಂದರು. ಮಂಜಿನಲ್ಲಿ ಆಚೆ ದಂಡೆಯೇ ಇರಲಿಲ್ಲ. ಮುಳುಗಿ ಎದ್ದು ಗಿಂಡಿ ತುಂಬಿಕೊಂಡರು. ಬರಿಗಾಲು, ತುಟಿಯ ಮೇಲೆ ಸ್ತೋತ್ರ. ಒಂದು ಮೆಟ್ಟಿಲು, ಎರಡು… ಕನಸಿನಲ್ಲಿ ನಡೆದವರ ಹಾಗೆ ಏರುತ್ತಿದ್ದರು. ಮೂರನೆಯದರಲ್ಲಿ ಬಲಗಾಲು ಜಾರಿತು.

ಒಂದು ಕ್ಷಣ ನಾನು ಆ ಏಳು ವರ್ಷದ ಹುಡುಗಿಯಾಗಿದ್ದೆ. ಕೈ ಮುಂದೆ ಬರಲೊಲ್ಲದು. ಆಮೇಲೆ ಎರಡೂ ಕೈಯಿಂದ ಅವರ ಸೊಂಟ ಹಿಡಿದೆ.

ಅವರು ಬೀಳಲಿಲ್ಲ. ಗಿಂಡಿ ತುಳುಕಿರಲಿಲ್ಲ, ಬಾಯಿಯೂ ನಿಂತಿರಲಿಲ್ಲ! ನನ್ನ ಹಿಡಿತದಲ್ಲೇ ಶ್ಲೋಕ ಮುಗಿಸಿದರು.

"ತಪ್ಪಾತ್ರಿ ಆಚಾರ್ರೇ," ಎಂದೆ. ಅಳು ಬಂದಿತ್ತು. ಸುತ್ತ ನೋಡಿದೆ, ಸುರಿಯಲು ಬೇವಿನ ಗಿಡವೂ ಇರಲಿಲ್ಲ.

"ಬೊಗಸಿ ಒಡ್ಡು," ಎಂದರು. ಒಡ್ಡಿದೆ. "ಇದು ದೇವರಿಗೆ ಆಗಂಗಿಲ್ಲ, ನೀ ಕುಡಿ. ನಿನಗ ಅಂತೇ ತಂದಿದ್ದು ಅನ್ಕೋ."

ಕುಡಿದೆ. ತಣ್ಣಗೆ, ತಾಮ್ರದ ರುಚಿ… ಅವರು ಮತ್ತೆ ಇಳಿದು ಮುಳುಗಿದರು. ಎರಡನೇ ಗಿಂಡಿ ಗುಡಿಯ ಹೊಸ್ತಿಲು ದಾಟಿತು. ನಾನು ಹಿಂದೆಯೇ ನಡೆದೆ, ಮುಟ್ಟುವ ಪ್ರಸಂಗ ಬರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ಗುಡಿಯಲ್ಲಿ ಈಗ ನಳದ ನೀರೇ. ಓಣಿಗೆ ಹೋದಾಗ ಇಂದಿಗೂ ನಾನು ಗೋಡೆಗೆ ಸರಿದು ದಾರಿ ಬಿಡುತ್ತೇನೆ, ಬರುವವರು ಯಾರೂ ಇಲ್ಲದಿದ್ದರೂ.

ಸ್ಪಂಜು ನೆನೆದಿದೆ. ಶಹಾಬಾದಿನಿಂದ ಬಂದ ಹೆಣ್ಣುಮಗಳೊಬ್ಬಳು ಇಂದು ಮೊದಲ ಸಲ ಲೋಟ ಹಿಡಿದು ನಿಂತಿದ್ದಾಳೆ.

"ಏನು ಹೇಳ್ಲಿರಿ ಮೇಡಂ?"

"ಸ್ಟೇಷನ್ ಹೆಸರು ಹೇಳವ್ವ. ವಾಡಿಯಿಂದ."

ಅವಳು ವಾಡಿ ಎಂದಳು, ಕಾಲು ನಿಂತಿತು. ನೀರು ತುಳುಕಿ ನನ್ನ ಅಂಗೈ ಮೇಲೆ ಬಿತ್ತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.