ನಮ್ಮನ್ನ ಕೇಳಂಗಿಲ್ಲ

ಕೋಪ ನನಗೆ ಮೂಗಿನ ತುದಿಯಲ್ಲೇ. ಬುದ್ಧಿ ಮಾತ್ರ ಮುಂದಿನ ಬಸ್ಸಿಗೆ ಬರುತ್ತದೆ.

ಮದ್ದೂರು ಪೇಟೆಯಲ್ಲಿ ನಮ್ಮದೊಂದು ಮಳಿಗೆಯಿದೆ. ನಮ್ಮೂರು ಕೊಪ್ಪದಲ್ಲಿ ಅವ್ವ ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ ಕೂಡಿಟ್ಟದ್ದರಲ್ಲಿ ಎದ್ದ ಕಟ್ಟಡ. ಅದಕ್ಕೇ ಅಪ್ಪ ಬಾಗಿಲ ಮೇಲಿನ ಗೋಡೆಗೆ ಅವ್ವನ ಹೆಸರನ್ನು ಸಿಮೆಂಟಿನ ಉಬ್ಬಕ್ಷರದಲ್ಲಿ ಬರೆಸಿದ್ದ. ಅವ್ವ ತೀರಿಕೊಂಡ ಮೇಲೆ ಪೇಟೆಗೆ ಬಂದಾಗಲೆಲ್ಲ ಎದುರಿನ ಟೀ ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ.

ಹೋದ ವರ್ಷ ಮಳಿಗೆಯನ್ನು ಮಿಲ್ಟ್ರಿ ಹೋಟೆಲ್ ನಡೆಸುವ ಹೆಂಗಸೊಬ್ಬರಿಗೆ ಕೊಟ್ಟೆವು. ಕರಾರು ಬರೆಸಿದ್ದು ನಾನೇ. ಮಂಡ್ಯದ ವಕೀಲ ಗೆಳೆಯ ಹೇಳಿಕೊಟ್ಟಿದ್ದ, ಟ್ರಿಪಲ್ ನೆಟ್ ಅಂತ. ಬಾಡಿಗೆ ನಮಗೆ, ಕಂದಾಯ, ವಿಮೆ, ರಿಪೇರಿ ಮೂರೂ ಬಾಡಿಗೆಯವರ ತಲೆಗೆ.

"ಬಾಡ್ಗೆ ತಿನ್ನೋನು ಸೂರು ನೋಡ್ಬೇಕು ಕಣ್ಲಾ," ಅಂದ ಅಪ್ಪ.

"ನೀನು ಸುಮ್ಕಿರಪ್ಪ," ಅಂದೆ. ಆಕೆಯ ಮುಂದೆ ಒಂದೊಂದೇ ಷರತ್ತು ಓದಿ ಹೇಳಿದೆ. "ರಿಪೇರಿ ಏನೇ ಬರ್ಲಿ, ನಿಮ್ದೇ. ನಮ್ಮನ್ನ ಕೇಳಂಗಿಲ್ಲ." ಆಕೆ ತಲೆಯಾಡಿಸಿ ಸೈನು ಹಾಕಿದರು. ಭಾರಿ ಜಾಣತನ ಮಾಡಿದೆ ಅಂತ ಬೀಗಿದೆ.

ಈ ಮಳೆಗಾಲ ಕಳೆದ ಮೇಲೆ ಅಪ್ಪನ ಜೊತೆ ಹೋದರೆ ಗೋಡೆ ನುಣ್ಣಗಿತ್ತು, ಹೊಸ ಹಸಿರು ಬಣ್ಣ. ಅವ್ವನ ಹೆಸರಿರಲಿಲ್ಲ. ಅಪ್ಪ ರಸ್ತೆಯಲ್ಲೇ ನಿಂತುಬಿಟ್ಟ.

ಊಟಕ್ಕೆ ಕೂತವರ ಎದುರೇ ಕೂಗಾಡಿದೆ. "ನಮ್ಮವ್ವನ ಎಸ್ರನ್ನ ಯಾರ್ನ ಕೇಳಿ ಕೆಡವುದ್ರಿ? ನಿಮ್ಮಪ್ಪನ ಮನೆ ಆಸ್ತಿನಾ ಇದು?"

ಮುದ್ದೆ ಕಟ್ಟುತ್ತಿದ್ದ ಆಕೆ ಕೈ ತೊಳೆದು ಬಂದರು. "ಮಳೇಲಿ ನೆಂದು ಗಾರೆ ಪೂರಾ ಸಡ್ಲ ಆಗಿತ್ತು ಕಣಣ್ಣ. ಯಾರ ತಲೆ ಮ್ಯಾಲಾದ್ರೂ ಬಿದ್ದಾತು ಅಂತ ಕೆರುಸ್ದೆ. ನಿಮ್ಗೆ ಫೋನ್ ಮಾಡವ ಅಂತಿದ್ದೆ. ನಮ್ಮನ್ನ ಕೇಳಂಗಿಲ್ಲ ಅಂತ ನೀವೇ ಏಳಿದ್ರಲ್ಲ."

ದುಡ್ಡು ಕೇಳಬೇಡಿ ಅಂತ ನಾನಂದದ್ದು. ಆಕೆ ಮಾತನ್ನು ಇದ್ದ ಹಾಗೇ ಪಾಲಿಸಿದ್ದರು. ತಿನ್ನುತ್ತಿದ್ದವರೆಲ್ಲ ತಟ್ಟೆ ನೋಡಿಕೊಂಡು ಕೂತರು. ನಾಚಿಕೆಗೆ ನನ್ನ ಕಿವಿ ಕಾದುಹೋಯಿತು.

ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಆಕೆ ಅವನ ಕಡೆ ತಿರುಗಿದರು. "ಅಮ್ಮಾರ ಎಸ್ರು ಅಂತ ಗೊತ್ತಿರ್ನಿಲ್ಲ ಯಜಮಾನ್ರೇ. ತಿರ್ಗಾ ಬರುಸ್ತೀನಿ. ಆ ಖರ್ಚೂ ನಂದೇ ಅಲ್ವಾ?"

ಅಪ್ಪ ನನ್ನ ಮುಖ ನೋಡಲಿಲ್ಲ.

"ಅದೊಂದು ನಂದು ಬುಡವ್ವ," ಅಂದ. "ಇನ್ಮ್ಯಾಕೆ ಏನಿದ್ರೂ ನನ್ನ ಕೇಳು. ಇವನ್ನ ಕೇಳ್ಬ್ಯಾಡ."