ಗಾಜಿನಕ್ಕ ತೊಳೆದ ನಾಣ್ಯಗಳು

ನಾಣ್ಯಬಂಧು ಬಳಗದ ಸದಸ್ಯರೆಲ್ಲ, ಇದನ್ನು ಬರೆಯುತ್ತಿರುವವನೂ ಸೇರಿ, ಆಕೆಯನ್ನು ಬಹಳ ಕಾಲ ತೂಕದ ಸಾಹೇಬರ ಮನೆಗೆಲಸದವಳೆಂದೇ ತಿಳಿದುಕೊಂಡಿದ್ದರು. ಸಾಹೇಬರೇ ಹಾಗೆ ಪರಿಚಯ ಮಾಡಿಕೊಟ್ಟಿದ್ದರಿಂದ ಯಾರೂ ಅನುಮಾನಪಡಲಿಲ್ಲ. ಸೊಂಟಕ್ಕೆ ಒರೆಸುವ ಬಟ್ಟೆ ಸಿಕ್ಕಿಸಿಕೊಂಡ, ಒದ್ದೆ ಕೈಯ ಹೆಂಗಸೊಬ್ಬರು ಫೋನಿನ ಪರದೆಯ ಮೇಲೆ ಒಂದು ಗಳಿಗೆ ಕಾಣಿಸಿಕೊಂಡು ಮರೆಯಾದರೆ ಬೇರೆ ಏನೆಂದುಕೊಳ್ಳಬೇಕು? ಆಕೆ ಸಾಹೇಬರ ಒಡಹುಟ್ಟಿದ ಅಕ್ಕ ಎಂದು ತಿಳಿಯುವ ಹೊತ್ತಿಗೆ, ತಿಳಿದುಕೊಂಡು ಮಾಡುವಂಥದ್ದೇನೂ ಉಳಿದಿರಲಿಲ್ಲ.

ಗುರುತಿನವರಿಗೆಲ್ಲ ಆಕೆ ಗಾಜಿನಕ್ಕ. ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ, ಬಟ್ಟಲು, ಬಾಟಲಿ ತೊಳೆಯುವ ಕೆಲಸ. ಕಂಡವರಿಗೆ ಅದು ಪಾತ್ರೆ ಉಜ್ಜಿದಷ್ಟೇ ಸಲೀಸು. ಅಕ್ಕನಿಗೆ ಹಾಗಲ್ಲ. ತೊಳೆದ ನಳಿಗೆಯನ್ನು ಬೋರಲು ಹಾಕಿದರೆ ನೀರು ಒಂದೇ ಪದರವಾಗಿ ಜಾರಿ ಇಳಿಯಬೇಕು. ಎಲ್ಲಾದರೂ ಹನಿ ಕಟ್ಟಿ ನಿಂತರೆ ಅಲ್ಲಿ ಜಿಡ್ಡು ಉಳಿದಿದೆ ಎಂದೇ ಲೆಕ್ಕ, ಮತ್ತೆ ತೊಳೆಯಬೇಕು. ಈ ಹನಿಯ ಪರೀಕ್ಷೆಯನ್ನು ಅವರು ಊಟದ ತಟ್ಟೆಗೂ ಮಾಡುತ್ತಿದ್ದರು, ಕಿಟಕಿಯ ಗಾಜಿಗೂ ಮಾಡುತ್ತಿದ್ದರು. ಗಂಡ ಬದುಕಿದ್ದಾಗ ಅವನ ಕನ್ನಡಕಕ್ಕೂ ಮಾಡಿದ್ದುಂಟು. ಗಂಡ ಹೋದ ಮೇಲೆ ಕಾಲೇಜಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬರೇ ಇದ್ದರು.

ರೋಗ ಹರಡಿದ ಆ ವರ್ಷ, ತಮ್ಮನ ಹೆಂಡತಿ ಕಾಲು ಉಳುಕಿಸಿಕೊಂಡಳೆಂದು ಎರಡು ದಿನದ ಮಟ್ಟಿಗೆ ಒಂದು ಚೀಲ ಹಿಡಿದು ತಮ್ಮನ ಮನೆಗೆ ಬಂದರು. ಮಾರನೇ ದಿನ ಎಲ್ಲರೂ ಮನೆಯೊಳಗೇ ಇರಬೇಕೆಂದು ಸರ್ಕಾರ ಸಾರಿತು. ಬಸ್ಸು ನಿಂತಿತು, ಕಾಲೇಜು ಮುಚ್ಚಿತು. ಸ್ವಲ್ಪ ದಿನ ಕಳೆದ ಮೇಲೆ, ತೊಳೆಯುವುದಕ್ಕೆ ಏನೂ ಇಲ್ಲದ್ದರಿಂದ ತೊಳೆಯುವವರೂ ಬೇಡವೆಂದು ಕಾಲೇಜಿನಿಂದ ಫೋನು ಬಂತು. ಅದರ ಬೆನ್ನಿಗೇ ಕೋಣೆಯ ಮಾಲೀಕನ ಫೋನು. "ನೀವು ಹೆಂಗೂ ಅಲ್ಲೇ ಆರಾಮಾಗಿದೀರಲ್ಲಕ್ಕಾ, ನಮ್ಮ ಭಾವಮೈದ ಬಂದವ್ನೆ, ಕೋಣೆ ಅವನಿಗೆ ಕೊಟ್ಟೆ. ನಿಮ್ಮ ಟ್ರಂಕು ಮೆಟ್ಟಿಲ ಕೆಳಗಿಟ್ಟಿದೀನಿ, ಯೋಚನೆ ಮಾಡ್ಬೇಡಿ" ಎಂದ. ಹೀಗೆ ಗಾಜಿನಕ್ಕನಿಗೆ ಮರಳಿ ಹೋಗುವುದಕ್ಕೆ ಜಾಗವೇ ಇಲ್ಲದಂತಾಯಿತು. ತಮ್ಮ ಒಂದು ಮಾತು ಹೇಳಬೇಕಿತ್ತು, ಇಲ್ಲೇ ಇರು ಎಂದು. ತಾನಾಗಿ ಕೇಳುವುದು ಅಕ್ಕನ ಜಾಯಮಾನವಲ್ಲ. ಕೇಳದೆ ಹೇಳುವುದು ತಮ್ಮನ ಜಾಯಮಾನವಲ್ಲ. ಮಾತು ಬರುವ ತನಕ ಕೆಲಸ ಮಾಡುತ್ತಿರೋಣವೆಂದು ಅವರು ಕಸಪೊರಕೆ ಕೈಗೆತ್ತಿಕೊಂಡರು.

ಈ ತಮ್ಮನೇ ತೂಕದ ಸಾಹೇಬರು, ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅಂಗಡಿಯವರ ತಕ್ಕಡಿ ನಡುಗಿಸುತ್ತಿದ್ದವರಿಗೆ ಈಗ ನಡುಗುವವರೇ ಸಿಗುತ್ತಿರಲಿಲ್ಲ. ಮೊದಲ ದಿನಗಳಲ್ಲಿ ಮನೆಯನ್ನೇ ಇಲಾಖೆಯಂತೆ ನಡೆಸಿದರು. ಈರುಳ್ಳಿ ತೂಗಿದರು, ಸಕ್ಕರೆ ತೂಗಿದರು, ಹೆಂಡತಿ ದಿನಕ್ಕೆಷ್ಟು ಸೋಪು ಕರಗಿಸುತ್ತಾಳೆಂದು ಬೆಳಿಗ್ಗೆ ಸಂಜೆ ಸೋಪನ್ನೂ ತಕ್ಕಡಿಗೆ ಹಾಕಿದರು. ಹೊರಗಿನಿಂದ ಬಂದ ಯಾವ ವಸ್ತುವೂ ತೊಳೆಯದೆ ಒಳಗೆ ಬರಕೂಡದೆಂದು ಆಜ್ಞೆಯಾಯಿತು. ಆಜ್ಞೆ ಅವರದು, ಹಿತ್ತಲ ನಲ್ಲಿ ಅಕ್ಕನದು. ಹಾಲಿನ ಪೊಟ್ಟಣ, ತರಕಾರಿ, ಬೀಗದ ಕೈ, ಅಂಗಡಿಯವನು ಕೊಟ್ಟ ಚಿಲ್ಲರೆ, ಎಲ್ಲ ತೊಳೆದು ಬಟ್ಟೆಯ ಮೇಲೆ ಹರವಿ ಒಳಗೆ ತರುತ್ತಿದ್ದರು.

"ರೀ, ನಿಮಗೆ ಏನಾದ್ರೂ ಒಂದು ಹವ್ಯಾಸ ಅಂತ ಇರ್ಬೇಕು. ಇಲ್ಲದಿದ್ರೆ ನಾವು ಬದುಕಲ್ಲ" ಎಂದಳು ಹೆಂಡತಿ.

ಸಾಹೇಬರು ಅಟ್ಟ ಹತ್ತಿದರು. ಇಳಿಯುವಾಗ ಕೈಯಲ್ಲಿ ತಂದೆಯ ಕಾಲದ ತಗಡಿನ ಡಬ್ಬಿ ಇತ್ತು. ಅದರೊಳಗೆ ಹಳೇ ನಾಣ್ಯಗಳು. ಅಲ್ಲಿಗೆ ಮನೆಯಲ್ಲಿ ನಾಣ್ಯಯುಗ ಶುರುವಾಯಿತು.

ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಬೆಳೆದ ನಾಣ್ಯಬಂಧು ಬಳಗ ಅವರನ್ನು ಬರಸೆಳೆದುಕೊಂಡಿತು. ಅದರಲ್ಲಿದ್ದವರೆಲ್ಲ ಇವರಂಥವರೇ: ನಿನ್ನೆ ಮೊನ್ನೆವರೆಗೆ ಚಿಲ್ಲರೆ ಕೊಟ್ಟರೆ ಮುಖ ಸಿಂಡರಿಸುತ್ತಿದ್ದವರು ಈಗ ಭೂತಗನ್ನಡಿ ಹಿಡಿದು ರಾಜರ ಮೂಗಿನ ಉದ್ದದ ಬಗ್ಗೆ ಜಗಳವಾಡುತ್ತಿದ್ದರು. ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಜನರ ಹಲ್ಲಿನ ಕೊಳೆ ಕೆರೆದು ಮನೆ ಕಟ್ಟಿಸಿದ ಈ ಮಹಾನುಭಾವರು, ನಾಣ್ಯದ ಕೊಳೆಗೆ ಮಾತ್ರ ಕೈ ಹಚ್ಚಕೂಡದೆಂಬ ಕಟ್ಟಾ ಸಿದ್ಧಾಂತಿ. ಸಾಹೇಬರ ಬಳಿ ಗಾಢ ಹಸಿರು ಹಿಡಿದ ಒಂದು ತಾಮ್ರದ ನಾಣ್ಯವಿತ್ತು. ಅದರ ಫೋಟೋ ನೋಡಿ ಡಾಕ್ಟರು, "ಆ ಹಸಿರು ನೋಡ್ರಯ್ಯಾ" ಎಂದು ಬಳಗಕ್ಕೆಲ್ಲ ಬರೆದಿದ್ದರು. ಕಾರ್ಯದರ್ಶಿಯ ಸ್ಥಾನ ಖಾಲಿಯಿತ್ತು. ಮುಂದಿನ ಸಭೆಯಲ್ಲಿ ಸಾಹೇಬರು ತಮ್ಮ ಸಂಗ್ರಹ ತೋರಿಸಬೇಕು, ಆಮೇಲೆ ಅವರೇ ಕಾರ್ಯದರ್ಶಿ ಎಂದು ಮಾತಾಗಿತ್ತು.

ಟಪಾಲಿನಲ್ಲಿ ತರಿಸಿಕೊಂಡ ನಾಣ್ಯಗಳನ್ನು ತೊಳೆಯಲು ಕೊಡದೆ ತಾವೇ ಆಲ್ಬಮ್ಮಿಗೆ ಸೇರಿಸುತ್ತಿದ್ದ ಸಾಹೇಬರು ಈ ಸಿದ್ಧಾಂತವನ್ನು ಮನೆಯವರಿಗೆ ಹೇಳಿರಲಿಲ್ಲ. ಹೇಳುವಷ್ಟು ಯೋಗ್ಯತೆ ಮನೆಯವರಿಗೆ ಇದೆಯೆಂದು ಅವರಿಗೆ ಅನ್ನಿಸಿರಲಿಲ್ಲ. ಅಕ್ಕ ಒಮ್ಮೆ ಬಾಗಿಲಲ್ಲಿ ನಿಂತು, "ನಡುವೆ ತೂತಿರೋ ಆ ನಾಣ್ಯಾನ ದಾರಕ್ಕೆ ಕಟ್ಟಿ ಗಿರಗಿರ ಆಡಿಸ್ತಿದ್ವಿ, ನೆನಪಿದೆಯೇನೋ?" ಎಂದಿದ್ದರು.

"ಅದೆಲ್ಲ ನಿನಗೆ ಅರ್ಥ ಆಗಲ್ಲ ಅಕ್ಕಾ, ಹೋಗು" ಎಂದಿದ್ದರು ಸಾಹೇಬರು.

ಸಭೆಗೆ ಒಂದು ವಾರ ಇರುವಾಗ ಸಾಹೇಬರಿಗೆ ಜ್ವರ ಬಂತು.

ಮಹಡಿಯ ಕೋಣೆಯಲ್ಲಿ ಅವರನ್ನು ಇಟ್ಟು ಬಾಗಿಲು ಹಾಕಲಾಯಿತು. ಹೆಂಡತಿ ಮೆಟ್ಟಿಲ ಕೆಳಗಿನಿಂದಲೇ, "ಹೇಗಿದೀರಿ?" ಎಂದು ಕೂಗಿ, ಉತ್ತರ ಬರುವ ಮುಂಚೆ ಮೂಗಿನ ಮೇಲಿನ ಬಟ್ಟೆಯನ್ನು ಇನ್ನಷ್ಟು ಬಿಗಿಮಾಡಿಕೊಂಡು ಅಡುಗೆಮನೆ ಸೇರುತ್ತಿದ್ದಳು. ಗಂಜಿ, ಮಾತ್ರೆ, ಬಿಸಿನೀರು, ಬೆವರಿದ ಬಟ್ಟೆ, ಎಲ್ಲ ಗಾಜಿನಕ್ಕನ ಪಾಲಿಗೆ. ಅವರು ಒಳಗೇ ಹೋಗಿ ತಮ್ಮನ ಹಣೆ ಒರೆಸಿದರು. ಜ್ವರ ನೆತ್ತಿಗೇರಿದ ಒಂದು ಮಧ್ಯಾಹ್ನ ತಮ್ಮ, ಅಕ್ಕನ ಮುಂಗೈ ಹಿಡಿದುಕೊಂಡು, "ಅಕ್ಕಾ, ನೀನು ಎಲ್ಲಿಗೂ ಹೋಗ್ಬೇಡ. ಇಲ್ಲೇ ಇದ್ದುಬಿಡು" ಎಂದ.

ಕಾಯುತ್ತಿದ್ದ ಮಾತು ಬಂದಿತ್ತು. ಅಕ್ಕ ಮೆಟ್ಟಿಲಿಳಿಯುವಾಗ ಕಾಲು ನೆಲದ ಮೇಲೆ ಇರಲಿಲ್ಲ. ಹಿತ್ತಲ ಪಕ್ಕದಲ್ಲಿ ತಾವು ಮಲಗುತ್ತಿದ್ದ ಪುಟ್ಟ ಕೋಣೆಗೆ ಹೋಗಿ, ಇಷ್ಟು ದಿನ ಚೀಲದಲ್ಲೇ ಮಡಚಿಟ್ಟಿದ್ದ ಬಟ್ಟೆಗಳನ್ನು ಮೊದಲ ಬಾರಿಗೆ ಗೂಡಿನಲ್ಲಿ ಜೋಡಿಸಿದರು.

ಅವತ್ತೇ ಸಂಜೆ ತಮ್ಮನ ಹೆಂಡತಿ ಬಂದು ಪಿಸುಗುಟ್ಟಿದಳು. "ಅತ್ತಿಗೆ, ಈ ಜ್ವರ ಬಂದಿದ್ದು ಆ ಹಾಳು ನಾಣ್ಯಗಳಿಂದಾನೇ. ಯಾರ್ಯಾರ ಕೈಲಿ ಓಡಾಡಿ ಟಪಾಲಲ್ಲಿ ಬಂದಿರ್ತಾವೋ. ಇವರು ನಾಲಿಗೆಗೆ ಬೆರಳು ತಾಗಿಸಿ ತಾಗಿಸಿ ಆಲ್ಬಮ್ ತಿರುವ್ತಾರೆ. ನೀವು ಎಲ್ಲ ತೊಳೆದುಬಿಡಿ."

"ಅವನನ್ನ ಒಂದ್ ಮಾತು ಕೇಳೋಣ."

"ತೊಳೀದೆ ಒಳಗೆ ತರಬಾರದು ಅಂದೋರು ಅವರೇ ಅಲ್ವಾ? ನಿಮ್ಮ ಕೈ ಚಳಕ ನೋಡಿ ಅವರಿಗೂ ಖುಷಿಯಾಗುತ್ತೆ, ಮಾಡಿ."

ಮಾತು ನ್ಯಾಯವಾಗಿಯೇ ಇತ್ತು. ಇಷ್ಟು ತೊಳೆಯುವ ಮನೆಯಲ್ಲಿ ನಾಣ್ಯಗಳು ಮಾತ್ರ ಕೊಳಕಾಗಿರುವುದು ಅಕ್ಕನ ಕಣ್ಣಿಗೆ ಮೊದಲಿನಿಂದಲೂ ಕಸವಾಗಿ ಚುಚ್ಚುತ್ತಿತ್ತು. ಹಿತ್ತಲಲ್ಲಿ ಕೂತು ಹುಳಿನೀರಿನಲ್ಲಿ ನೆನೆಹಾಕಿದರು, ಉಪ್ಪು ಹಾಕಿ ತಿಕ್ಕಿದರು, ಸೋಡಾ ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ರಾಜರ ಕಿವಿಯ ಸಂದಿಯನ್ನೂ ಬಿಡದೆ ಉಜ್ಜಿದರು. ಹಸಿರು ಹಿಡಿದ ನಾಣ್ಯ ಬಹಳ ಹಟ ಮಾಡಿತು. ಅದನ್ನೂ ಬಗ್ಗಿಸಿದರು. ಪ್ರತಿಯೊಂದಕ್ಕೂ ಹನಿಯ ಪರೀಕ್ಷೆಯಾಯಿತು, ಒಂದರ ಮೇಲೂ ಹನಿ ನಿಲ್ಲಲಿಲ್ಲ. ಆಲ್ಬಮ್ಮಿನಲ್ಲಿ ಯಾವುದು ಎಲ್ಲಿತ್ತೋ ಅಲ್ಲೇ ಸೇರಿಸಿ, ಬಟ್ಟೆ ಸುತ್ತಿ ಇಟ್ಟರು. ತಮ್ಮ ತೆರೆದ ಕೂಡಲೇ ಅವನ ಮುಖ ಹೇಗಾಗುತ್ತದೆಂದು ನೆನೆದು ಅವರಿಗೆ ಒಳಗೊಳಗೇ ನಗು.

ಜ್ವರ ಸಾದಾ ಜ್ವರವಾಗಿತ್ತು, ಇಳಿಯಿತು. ಸಭೆಯ ದಿನ ಸಾಹೇಬರು ಮೇಲೆ ಕೋಟು, ಕೆಳಗೆ ಪೈಜಾಮ ತೊಟ್ಟು ನಡುಮನೆಯ ಮೇಜಿನ ಮುಂದೆ ಕೂತರು. ಇಲಾಖೆಯ ಸೇವೆ, ಸತ್ಯ, ತೂಕ, ನಾಗರಿಕತೆ ಎಂದು ಪೀಠಿಕೆ ಹಾಕಿ, ಸುತ್ತಿದ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ ಆಲ್ಬಮ್ಮನ್ನು ಫೋನಿನ ಕಣ್ಣಿಗೆ ಹಿಡಿದರು. ಎಲ್ಲರ ಮುಖ ನೋಡುವ ಆತುರದಲ್ಲಿ ತಾವು ಅದನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಉಸಿರು ಹಿಡಿದು ನಿಂತಿದ್ದರು.

"ಇದೇನು ಸಾಹೇಬ್ರೇ, ಹೊಸದಾಗಿ ಹೊಡೆಸಿದ್ರಾ?" ಎಂದರು ಡಾಕ್ಟರು.

"ಬ್ಯಾಂಡಿನವರ ಕೋಟಿನ ಗುಂಡಿ ಇದ್ದಂಗಿದೆ" ಎಂದರು ಇನ್ನೊಬ್ಬರು.

"ತೂತು ಇದ್ದಿದ್ರೆ ಹೊಲಿದೇ ಬಿಡಬಹುದಿತ್ತು."

"ತೂತಿರೋದೂ ಒಂದಿದೆ ನೋಡಿ, ಮೂರನೇ ಸಾಲಲ್ಲಿ."

ಪರದೆಯ ಚೌಕಚೌಕದಲ್ಲೂ ಹಲ್ಲು ಕಾಣಿಸಿತು. ಸಾಹೇಬರು ಆಲ್ಬಮ್ಮು ತಿರುಗಿಸಿ ನೋಡಿದರು. ಹಸಿರು ನಾಣ್ಯವಿದ್ದ ಕಡೆ ಕೆಂಪಗೆ ಹೊಳೆಯುವ ಬಿಲ್ಲೆಯೊಂದು ಅವರತ್ತ ನೋಡುತ್ತಿತ್ತು. ಕೋಟಿನ ಕಾಲರು ಸರಿಮಾಡಿಕೊಂಡರು. ಆಮೇಲೆ ಅಧಿಕಾರಿಯ ಗಂಟಲು ಮರಳಿ ಬಂತು. "ನನಗೆ ಹುಷಾರಿರಲಿಲ್ಲ. ಇದು ನಮ್ಮನೆ ಕೆಲಸದವಳ ಕಾರಬಾರು. ಹೇಳೋದಿಲ್ಲ ಕೇಳೋದಿಲ್ಲ. ಏಯ್, ಬಾ ಇಲ್ಲಿ."

ಏಯ್ ಎಂದರೆ ಯಾರೆಂದು ಅಕ್ಕನಿಗೆ ತಕ್ಷಣ ತಿಳಿಯಲಿಲ್ಲ. ತಮ್ಮನೇ ಬೆರಳು ಮಾಡಿ ತೋರಿಸಿದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದರು. ಸಾಹೇಬರು ಫೋನನ್ನು ಅವರ ಮುಖಕ್ಕೆ ತಿರುಗಿಸಿದರು.

"ಏನಮ್ಮಾ, ಯಾತರಲ್ಲಿ ತೊಳೆದೆ?" ಡಾಕ್ಟರು ಕೇಳಿದರು.

"ಹುಳಿ, ಉಪ್ಪು. ಆಮೇಲೆ ಸೋಡಾ. ಕೊನೇಲಿ ಕುದಿಯೋ ನೀರು" ಎಂದರು ಅಕ್ಕ. ಕೆಲಸದ ಬಗ್ಗೆ ಕೇಳಿದಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಆ ಹಸಿರು ಇತ್ತಲ್ಲಮ್ಮಾ, ಅದಕ್ಕೋಸ್ಕರಾನೇ ಅದನ್ನ ಇಟ್ಕೊಳ್ಳೋದು. ಅದು ಕೂರೋಕೆ ಎಷ್ಟು ತಲೆಮಾರು ಬೇಕು ಗೊತ್ತಾ? ನೀನು ಒಂದು ಸಂಜೇಲಿ ಬಳಿದುಹಾಕಿದೀಯ."

ಅಕ್ಕ ತಮ್ಮನ ಹೆಂಡತಿಯ ಕಡೆ ನೋಡಿದರು. ಅವಳು ಚಹಾ ಸೋಸುತ್ತಿದ್ದಳು. ಜಗತ್ತಿನಲ್ಲಿ ಅಷ್ಟು ಗಮನವಿಟ್ಟು ಚಹಾ ಸೋಸಿದವರು ಇರಲಿಕ್ಕಿಲ್ಲ. ನೀನೇ ಹೇಳಿದ್ದಲ್ಲವೇ ಎಂದು ಅಕ್ಕ ಕೇಳಬಹುದಿತ್ತು. ಆದರೆ ಕೆಲಸದವಳು ಎಂದು ಕರೆಸಿಕೊಂಡ ಮೇಲೆ, ಒರೆಸುವ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದರು. ಕಾರ್ಯದರ್ಶಿಯ ಸ್ಥಾನ ನಿವೃತ್ತ ರೈಲ್ವೆ ಗಾರ್ಡೊಬ್ಬರ ಪಾಲಾಯಿತು. ಜೀವಮಾನದಲ್ಲಿ ಏನನ್ನೂ ತೊಳೆದವರಲ್ಲವೆಂದು ಅವರ ಬಗ್ಗೆ ಬಳಗಕ್ಕೆ ಭರವಸೆಯಿತ್ತು.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಒಂದು ದಾರಿಯಾದರೂ ಇರುತ್ತಿತ್ತು. ಅವರು ಅಕ್ಕನ ಜೊತೆ ಮಾತೇ ನಿಲ್ಲಿಸಿ, ಹೇಳಬೇಕಾದ್ದನ್ನೆಲ್ಲ ಹೆಂಡತಿಗೆ ಹೇಳಿದರು. ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಆ ಹಿತ್ತಲ ಕೋಣೆ ನನಗೆ ಬೇಕು. ನಾಣ್ಯಕ್ಕೆ ಬೀಗ ಹಾಕೋ ಕೋಣೆ ಒಂದಿಲ್ಲದೆ ಹಿಂಗಾಯ್ತು." ಅಕ್ಕ ಮೊದಲಿಗಿಂತ ಹೆಚ್ಚು ಕೆಲಸ ಮಾಡಿದರು. ನೆಲ ಎರಡು ಸಲ ಒರೆಸಿದರು. ಅಕ್ಕ ಇಟ್ಟ ತಟ್ಟೆಯನ್ನು ಸಾಹೇಬರು ಸರಿಸಿ, ಹೆಂಡತಿ ಇಟ್ಟದ್ದರಲ್ಲಿ ಉಂಡರು.

ನಿರ್ಬಂಧ ಸಡಿಲವಾದ ಬೆಳಿಗ್ಗೆ ಸಾಹೇಬರು ಪತ್ರಿಕೆಯಿಂದ ತಲೆಯೆತ್ತದೆ, ಬಹಳ ದಿನಗಳ ಮೇಲೆ ಅಕ್ಕನಿಗೇ ನೇರವಾಗಿ ಹೇಳಿದರು. "ಬಸ್ ಬಿಟ್ರಂತೆ."

ಅಕ್ಕ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು. "ನೀನೇ ಹೇಳಿದ್ದೆಯಲ್ಲೋ, ಎಲ್ಲಿಗೂ ಹೋಗ್ಬೇಡ ಅಂತ."

"ಯಾವಾಗ?"

"ಜ್ವರ ಬಂದಾಗ. ಕೈ ಹಿಡ್ಕೊಂಡು."

"ಜ್ವರದಲ್ಲಿ ಮನುಷ್ಯ ಏನೇನೋ ಬಡಬಡಿಸ್ತಾನೆ ಅಕ್ಕಾ. ಅದನ್ನೆಲ್ಲ ತೂಕಕ್ಕೆ ಹಾಕಿದ್ರೆ ಹೆಂಗೆ?" ಸಾಹೇಬರು ಪುಟ ತಿರುವಿದರು. ಬೆರಳು ನಾಲಿಗೆಗೆ ತಾಗಿಸಿಯೇ ತಿರುವಿದರು.

ತಮ್ಮನ ಹೆಂಡತಿ ಹಿಂದೆಯೇ ಕೋಣೆಗೆ ಬಂದು, "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಾನು ಹೇಳಿದ್ದು ಅಂತ ಗೊತ್ತಾದ್ರೆ ಅವರು ನನ್ನ ಜೊತೇನೂ ಮಾತು ಬಿಡ್ತಾರೆ" ಎಂದಳು.

"ಬಿಟ್ರೆ ಬಿಡ್ಲಿ. ಮನೆಯಂತೂ ಬಿಡಿಸಲ್ಲವಲ್ಲ" ಎಂದು ಅಕ್ಕ ಗೂಡಿನಿಂದ ಬಟ್ಟೆ ತೆಗೆದು ಚೀಲಕ್ಕೆ ಹಾಕಿಕೊಂಡರು.

ಹೊರಡುವಾಗ ಸಾಹೇಬರು ಬಾಗಿಲಿಗೆ ಬಂದರು. ಏನೋ ಹೇಳಲು ಬಂದರೆಂದು ಅಕ್ಕ ನಿಂತರು. ಅವರು ಬಾಗಿಲ ಬಳಿಯ ಔಷಧಿಯ ಬಾಟಲಿ ಎತ್ತಿ, ಅಕ್ಕ ಮುಟ್ಟಿದ್ದ ಚಿಲಕಕ್ಕೆ ಎರಡು ಸಲ ಸಿಂಪಡಿಸಿ ಒಳಗೆ ಹೋದರು. ಅವತ್ತೇ ಕೋಣೆಗೆ ಫಿನಾಯಿಲ್ ಹಾಕಿ ತೊಳೆಸಿದರಂತೆ. ತೊಳೆಯಲು ಈಗ ಸಂಬಳಕ್ಕೆ ಆಳು ಹುಡುಕಬೇಕಾಗಿ ಬಂದದ್ದು ಅವರಿಗೆ ಬಹಳ ಅನ್ಯಾಯವೆನಿಸಿತು.

ಗಾಜಿನಕ್ಕ ಊರಂಚಿನ ಔಷಧದ ಕಾರ್ಖಾನೆಯಲ್ಲಿ ಬಾಟಲಿ ತೊಳೆಯಲು ಸೇರಿದರು. ಮಲಗುವುದಕ್ಕೆ ಹಿಂದಿನ ತಗಡಿನ ಶೆಡ್ಡು. ಒಂದೇ ಮಂಚ, ಇಬ್ಬರು ಹೆಂಗಸರು. ಒಬ್ಬರು ಪಾಳಿಗೆ ಎದ್ದು ಹೋದಾಗ ಇನ್ನೊಬ್ಬರು ಮಲಗಬೇಕು. ಯಾವಾಗ ಮಲಗಿದರೂ ಹಾಸಿಗೆ ಬೇರೆಯವರ ಮೈಯ ಬಿಸಿಯಲ್ಲೇ ಇರುತ್ತಿತ್ತು. ಟ್ರಂಕು ತರಲು ಹೋದಾಗ ಹಳೇ ಮಾಲೀಕನ ಭಾವಮೈದ ಅದರ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದ.

ಮರುವರ್ಷ ಬಳಗ ಸ್ಮರಣ ಸಂಚಿಕೆಯೊಂದನ್ನು ತರುವ ಉತ್ಸಾಹದಲ್ಲಿತ್ತು. ಜನ ಮನೆಯಲ್ಲೇ ಬಂದಿಯಾದದ್ದರಿಂದ ನಾಣ್ಯಾಸಕ್ತಿ ಹೆಚ್ಚಿತೇ ಎಂಬ ಘನವಾದ ವಿಷಯದ ಮೇಲೆ ಡಾಕ್ಟರು ಸಂಶೋಧನೆ ಕೈಗೊಂಡು ಎಲ್ಲ ಸದಸ್ಯರ ಮನೆಗೂ ಫೋನು ಮಾಡಿದರು. ಸಾಹೇಬರ ಹೆಂಡತಿ, "ನಮ್ಮತ್ತಿಗೆ ಇದ್ದಾಗ ನಾಣ್ಯಾನೂ ಸೇರಿ ಎಲ್ಲ ಫಳಫಳ ಅಂತಿತ್ತು" ಎಂದು ಬಾಯಿ ಜಾರಿದಳು. ಆಗಲೇ ಎಲ್ಲರಿಗೂ ವಿಷಯ ತಿಳಿದದ್ದು. ಡಾಕ್ಟರಿಗೆ ಮರುಕವಾಯಿತು. ಅದಕ್ಕಿಂತ ಹೆಚ್ಚಾಗಿ, ಲೇಖನಕ್ಕೆ ಪ್ರತ್ಯಕ್ಷ ಸಾಕ್ಷಿಯೊಬ್ಬರು ಸಿಕ್ಕರೆಂದು ಸಂತೋಷವಾಯಿತು.

ಅವರು ಕಾರ್ಖಾನೆಯ ಗೇಟಿಗೆ ಕಾರಿನಲ್ಲಿ ಬಂದು ಅಕ್ಕನನ್ನು ಹೊರಗೆ ಕರೆಸಿದರು. ಅಕ್ಕ ಮೊಣಕೈವರೆಗೆ ಒದ್ದೆಯಾಗಿ ಬಂದು ನಿಂತರು. ಪಾಳಿಯ ನಡುವೆ ಕರೆಸಿದ್ದಕ್ಕೆ ಮೇಸ್ತ್ರಿ ಬಾಗಿಲಿನಿಂದಲೇ ಕೆಕ್ಕರಿಸಿ ನೋಡುತ್ತಿದ್ದ. ಅವತ್ತು ಗೊತ್ತಿಲ್ಲದೆ ಏಕವಚನದಲ್ಲಿ ಮಾತಾಡಿದ್ದಕ್ಕೆ ಬೇಸರಿಸಬಾರದೆಂದು ಹೇಳಿ, ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ನೀವು ಆ ಮನೇಲೇ ಇದ್ದು ಕಣ್ಣಾರೆ ನೋಡಿದೋರು, ಅದಕ್ಕೇ ಕೇಳ್ತೀನಿ. ತಿಂಗಳುಗಟ್ಟಲೆ ಮನೇಲೇ ಕೂತ್ರೆ ನಾಣ್ಯದ ಮೇಲೆ ಆಸಕ್ತಿ ಹುಟ್ಟುತ್ತೆ ಅಂತ ನಿಮಗೂ ಅನ್ನಿಸ್ತಾ?"

"ಕೂರೋಕೆ ಮೊದಲು ಮನೆ ಇರ್ಬೇಕು ಡಾಕ್ಟ್ರೇ" ಎಂದರು ಗಾಜಿನಕ್ಕ.