ಸಾಕಮ್ಮಜ್ಜಿಯ ಎಲೆಅಡಿಕೆ ಚೀಲ

ಸಾಕಮ್ಮಜ್ಜಿ ಯಾರ ಮನೆಗೆ ಬಂದರೂ ಮೊದಲು ಗೇಟಿನ ಹತ್ತಿರ ನಿಂತು ರಂಗೋಲಿ ನೋಡುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು, ಬಾಯಿ ಬಿಗಿದುಕೊಂಡು, ಒಂದೊಂದು ಎಳೆಯನ್ನೂ ಪರೀಕ್ಷೆ ಮಾಡುವ ಹಾಗೆ ನೋಡುವುದು. ಸುಮಾರು ಹೊತ್ತಾದ ಮೇಲೆ ತಕರಾರು ಶುರು. "ಏನ್ರವ್ವಾ, ಇದು ರಂಗೋಲೀನೋ, ಕೋಳಿ ಕೆದರಿದ್ದೋ?" ಮಧುಗಿರಿಯ ನಮ್ಮ ಬೀದಿಯ ಹೆಂಗಸರು ಅವಳು ಬರುವ ದಿನ ಹೆದರಿಕೊಂಡೇ ಚುಕ್ಕಿ ಇಡುತ್ತಿದ್ದರು.

ಎಳೆಮಕ್ಕಳಿಗೂ ಬಾಣಂತಿಯರಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ಕೆಲಸ. ನಮ್ಮಣ್ಣನಿಗೂ ನನಗೂ ನೀರು ಹಾಕಿದವಳು ಅವಳೇ. ಪಾವಗಡದ ಕಡೆಯ ಹೆಣ್ಣಾದ್ದರಿಂದ ಚೆಂಬು ಎಣಿಸುವುದು ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು... ಐದು ಚೆಂಬಾದರೆ ಸಾಕು, ನಿಲ್ಲಿಸಿಬಿಡುವಳು. "ಮಗ ದಣೀತು, ವಸಿ ಸುಧಾರಿಸ್ಕೊಳ್ಲಿ." ಮಗುವೋ, ಅವಳ ನೀಡಿದ ಕಾಲಿನ ಮೇಲೆ ಮಲಗಿ ಇನ್ನೂ ಹಾಕು ಅಂತ ಕಾಲು ಬಡಿಯುತ್ತಿರುತ್ತಿತ್ತು!

ಇನ್ನು ಅವಳ ಸೊಂಟದ ಎಲೆಅಡಿಕೆ ಚೀಲ. ಅದನ್ನು ಮುಟ್ಟಿದವರ ಗ್ರಹಚಾರ ಕೆಟ್ಟಿತು ಅಂತಲೇ. ಒಮ್ಮೆ ಅಮ್ಮ ಅಡಿಕೆ ಚೂರಿಗೆ ಅಂತ ಕೈ ಹಾಕಹೋಗಿ ಉಗಿಸಿಕೊಂಡಿದ್ದಳು. ನೀರು ಹಾಕುವಾಗ ಚೀಲ ಬಚ್ಚಲೊಳಗೇ ಇರಬೇಕು, ಕಣ್ಣಳತೆಯಲ್ಲಿ. ಅವಳ ಕಾಟಕ್ಕೆ ಅಪ್ಪ ಬಚ್ಚಲ ಗೋಡೆಗೆ ಒಂದು ಮೊಳೆ ಹೊಡೆದುಕೊಟ್ಟಿದ್ದ.

ನಾನು ಶಿರಾದ ಸೊಸೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಬಿ.ಎಡ್. ಓದುವಾಗಲೇ ನನಗೆ ಉಬ್ಬಸ ಶುರುವಾಗಿತ್ತು. ಶ್ವಾಸಕೋಶದ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡುವ ನಾನು, ಔಷಧಿ ಎಳೆದುಕೊಳ್ಳುವ ನನ್ನ ಇನ್‌ಹೇಲರ್ ಪಂಪನ್ನು ಮಾತ್ರ ಸೀರೆಗಳ ಅಡಿಯಲ್ಲಿ ಬಚ್ಚಿಡುತ್ತಿದ್ದೆ. ಪಂಪು ಹಿಡಿದಳು ಅಂದರೆ ಕತೆ ಮುಗಿಯಿತು ಅನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅತ್ತೆಗೆ ಗೊತ್ತಾದರೆ? ಆ ಭಯ ನನ್ನ ಓದಿಗಿಂತ ದೊಡ್ಡದಾಗಿತ್ತು, ನಾಚಿಕೆಗೇಡು.

ಹೆರಿಗೆಗೆ ತವರಿಗೆ ಬಂದಿದ್ದೆ. ಹನ್ನೆರಡನೇ ದಿನ ನನಗೆ ಮೊದಲ ಸಲ ತಲೆಗೆ ನೀರು. ಅತ್ತೆಯೂ ಮೊಮ್ಮಗಳ ಜೊತೆ ನಾಲ್ಕು ದಿನ ಇರಲು ಬಂದು ನಡುಮನೆಯಲ್ಲಿ ಕೂತಿದ್ದರು. ಮಗುವನ್ನು ಅಮ್ಮನ ಕೈಗೆ ದಾಟಿಸಿದ ಅಜ್ಜಿ ಬಚ್ಚಲ ಬಾಗಿಲು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದಳು.

"ಅಜ್ಜಿ, ನಂಗೆ ಹೊಗೆ ಬೇಡ."

"ಬಾಣಂತಿಗೆ ಹೊಗೆ ಬೇಡ್ವಂತೆ! ನಿಮ್ಮವ್ವಂಗೆ ಹಾಕಿಲ್ವಾ? ಸುಮ್ಕೆ ಕುಂತ್ಕೊ."

ಎರಡೇ ನಿಮಿಷ. ಎದೆಗೆ ಯಾರೋ ಹಗ್ಗ ಬಿಗಿದ ಹಾಗಾಯಿತು. ಪಂಪು ಬೀರುವಿನಲ್ಲಿ, ಬೀರು ಅತ್ತೆ ಕೂತ ಜಾಗದ ಹಿಂದೆ. ಕೂಗೋಣವೆಂದರೆ ದನಿಯೇ ಹೊರಡಲಿಲ್ಲ. ಅಜ್ಜಿ ನನ್ನ ಬೆನ್ನಿಗೆ ಕಿವಿಯಿಟ್ಟಳು. ಒಳಗೆ ಸಿಳ್ಳೆ ಹೊಡೆಯುತ್ತಿತ್ತು. ಕೆಂಡದ ಮೇಲೆ ದಬಕ್ಕನೆ ನೀರು ಸುರಿದು, ಕಿಟಕಿ ತೆಗೆದು, ಮೊಳೆಯಿಂದ ಚೀಲ ಎಳೆದಳು. ವೀಳ್ಯದೆಲೆಯ ಅಡಿಯಿಂದ ಹೊರಬಂದದ್ದು ನೀಲಿ ಪಂಪು! ನನ್ನಂಥದ್ದೇ.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಉಸ್ರು ಪೂರಾ ಆಚಿಕ್ ಬುಡು. ಈಗ ಎಳ್ಕೊ. ಹಿಡ್ಕೊ, ಹಿಡ್ಕೊ... ಒಕಟಿ, ರೆಂಡು, ಮೂಡು..." ಹತ್ತಕ್ಕೆ ಪದಿ ಅನ್ನುವವರೆಗೆ ನನ್ನ ಕೈ ಬಿಡಲಿಲ್ಲ. ಇನ್ನೊಂದು ಸಲ ಎಳೆಸಿದಳು. ಹಗ್ಗ ನಿಧಾನಕ್ಕೆ ಸಡಿಲಾಯಿತು. ಒದ್ದೆ ನೆಲದ ಮೇಲೆ ಇಬ್ಬರೂ ಕೂತೆವು.

"ನಿಂಗೂ ಉಬ್ಬಸಾನಾ ಅಜ್ಜಿ? ಯಾವಾಗಿಂದ?"

"ನಿನ್ ಮದ್ವೆಗೂ ಮುಂಚಿಂದ. ಯಾರ ಕಿವಿಗೂ ಹಾಕ್ಬ್ಯಾಡ ಕಣಮ್ಮ. ದಮ್ಮಿನ ಮುದ್ಕಿ ಕೈಗೆ ಹಸ್ಗೂಸು ಕೊಟ್ಟಾರಾ? ಅಂಟ್ಕೊಂತದೆ ಅಂದ್ಬುಡ್ತಾರೆ."

"ಅದು ಅಂಟೋ ಕಾಯಿಲೆ ಅಲ್ಲ."

"ಅಂಗಾದ್ರೆ ನಿಮ್ಮತ್ತೆಗೆ ಈಗ್ಲೇ ಹೇಳ್ಲಾ?"

ಬೇಡ ಅಂತ ಅವಳ ಸೆರಗು ಹಿಡಿದೆ. ನನ್ನದನ್ನು ಅವಳು ಹೇಳಬಾರದು, ಅವಳದನ್ನು ನಾನು. ಕೈಮೇಲೆ ಕೈಯಿಟ್ಟು ಮಾತಾಯಿತು. ಗೇಟಿನ ಹತ್ತಿರ ಅವಳು ನೋಡುತ್ತಿದ್ದದ್ದು ರಂಗೋಲಿಯನ್ನಲ್ಲ, ಐದು ಚೆಂಬಿಗೆ ದಣಿಯುತ್ತಿದ್ದದ್ದು ಮಗುವಲ್ಲ ಎಂದು ಆವತ್ತು ಗೊತ್ತಾಯಿತು.

ಮಾರನೆಯ ದಿನದಿಂದ ಅವಳ ನಾಟಕ ನೋಡಬೇಕಿತ್ತು. ಕೆಂಡದ ಬಟ್ಟಲನ್ನು ಹಿತ್ತಲಲ್ಲಿಟ್ಟು, ದೂರ ನಿಂತು ಒಂದು ಚಿಟಿಕೆ ಸಾಂಬ್ರಾಣಿ ಎಸೆದು, ಅತ್ತೆಗೆ ಕೇಳುವಂತೆ "ಆಯ್ತು ಕಣವ್ವ, ಚೆಂದಾಗಿ ಹೊಗೆ ಆಯ್ತು" ಅಂತ ಕೂಗುವಳು. ಅವಳು ಒಳಗೆ ಬಂದ ಮೇಲೆ ನಾವಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಉಳಿದ ಮನೆಗಳಲ್ಲಿ ಮಾತ್ರ ನಿಜವಾದ ಹೊಗೆಯೇ. ನಾನು ಜಗಳ ಆಡಿದೆ. ದಮ್ಮು ಬರದ ಹಾಗೆ ದಿನಾ ಎಳೆಯುವ ಪಂಪು ಬೇರೆ ಇದೆ, ಡಾಕ್ಟರ ಹತ್ತಿರ ನಡಿ, ಹೊಗೆ ಬಿಡು ಎಂದೆ.

"ನೀರು ಯಾರಾದ್ರೂ ಹಾಕ್ತಾರೆ, ಹೊಗೆ ಹಾಕಕ್ಕೆ ಅಲ್ವಾ ನನ್ನ ಕರಿಯೋದು? ಹೋಗ್ ಹೋಗು, ಮೇಡಮ್ಮು" ಅಂದಳು. ನಾನೂ ಸಿಟ್ಟಿನಲ್ಲಿ ಬಿಟ್ಟೆ.

ಎರಡು ವರ್ಷವಾದ ಮೇಲೆ ಮಧುಗಿರಿ ಹತ್ತಿರದ ಪುರವರದಲ್ಲಿ ಚಿಕ್ಕಪ್ಪನ ಮಗಳು ರೂಪಾಗೆ ಗಂಡುಮಗು ಆಯಿತು. ನೀರು ಹಾಕಲು ಯಾರು ಅಂದಾಗ ಸಾಕಮ್ಮಜ್ಜಿಯನ್ನು ಕಳಿಸಿದ್ದು ನಾನೇ. ಹೊಸ ಮನೆ, ಬಚ್ಚಲಿಗೆ ಸೂರಿನ ತನಕ ಟೈಲ್ಸು, ಒಂದು ಮೊಳೆಯಿಲ್ಲ. ಚೀಲವನ್ನು ಹೊರಗೆ ನಡುಮನೆಯ ಕೊಕ್ಕೆಗೆ ಹಾಕಿದಳಂತೆ.

ಒಂಬತ್ತನೇ ದಿನ ಬೆಳಿಗ್ಗೆ ಹೊಗೆಯೊಳಗಿಂದ ಎದ್ದು ಬಂದು, ಮಗುವನ್ನು ಜೋಪಾನವಾಗಿ ರೂಪಾಳ ಮಡಿಲಿಗೆ ಹಾಕಿ, ಗೋಡೆಗೊರಗಿ ಕುಸಿದಳು. ಮಾತಿಲ್ಲ. ಕೊಕ್ಕೆಯ ಕಡೆ ಕೈ ತೋರಿಸಿದಳು. ನೀರು ತಂದರು, ತಳ್ಳಿದಳು. ಮತ್ತೆ ಕೈ ತೋರಿಸಿದಳು. "ಈ ಹೊತ್ನಲ್ಲಿ ಎಲೆಅಡಿಕೆ ಕೇಳ್ತೀಯಲ್ಲಜ್ಜಿ" ಅಂತ ಚಿಕ್ಕಮ್ಮ ಗದರಿದರು. ಚೀಲ ಮುಟ್ಟಿದರೆ ಬೈಯುತ್ತಾಳೆ ಎಂಬ ಹೆದರಿಕೆ ಬೇರೆ. ಯಾರದೋ ಕಣ್ಣು ಬಿದ್ದಿದೆ ಅಂತ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಅದೇ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಅವಳಿಗೆ ಕೆಮ್ಮುವಷ್ಟು ಉಸಿರೂ ಇರಲಿಲ್ಲ. ಮಧುಗಿರಿ ಆಸ್ಪತ್ರೆಗೆ ಅಂತ ಕಾರು ಹೊರಟಿತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು.

ನಾನು ಹೋದಾಗ ಚೀಲ ಇನ್ನೂ ಕೊಕ್ಕೆಯಲ್ಲೇ ಇತ್ತು. ಎಲ್ಲರೆದುರು ಅದಕ್ಕೆ ಕೈ ಹಾಕಿದೆ. ಎಲೆಗಳು ಇನ್ನೂ ಬಾಡಿರಲಿಲ್ಲ. ಕೆಳಗೆ ನೀಲಿ ಪಂಪು. ಅಲ್ಲಾಡಿಸಿ ನೋಡಿದೆ, ತುಂಬ ಔಷಧಿ ಇತ್ತು.

"ಇದೇನಕ್ಕ?" ಅಂದಳು ರೂಪಾ. ಉಬ್ಬಸದ ಪಂಪು ಅಂತ ಹೇಳಿದೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಕೈಗೆ ಸಿಗೋ ಹಂಗಿತ್ತಲ್ಲೇ! ಒಬ್ರಿಗಾದ್ರೂ ಗೊತ್ತಿದ್ದಿದ್ರೆ..." ಒಬ್ಬಳಿಗೆ ಗೊತ್ತಿತ್ತು ಅನ್ನಲು ಅವತ್ತು ನನಗೆ ಬಾಯಿ ಬರಲಿಲ್ಲ.

ಶಿರಾಗೆ ವಾಪಸು ಬಂದವಳೇ ನನ್ನ ಪಂಪು ತೆಗೆದು ಅತ್ತೆಯ ಮುಂದಿಟ್ಟೆ. "ಅತ್ತೆ, ನನಗೆ ಉಬ್ಬಸ ಇದೆ. ಮದುವೆಗೆ ಮುಂಚಿನಿಂದಲೂ ಇದೆ. ನಾನು ಮಾತಾಡೋಕಾಗದೆ ಕೈ ತೋರಿಸಿದ್ರೆ ಇದನ್ನ ಕೊಡಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಪಂಪನ್ನು ತಿರುಗಿಸಿ ನೋಡಿದರು. "ಇಷ್ಟಕ್ಕೆ ಇಷ್ಟು ವರ್ಷ ಬಚ್ಚಿಟ್ಟಿದ್ಯೇನೇ, ಹುಚ್ಚಿ? ಎಲ್ಲಿ ನೇತು ಹಾಕ್ಲಿ, ಹೇಳು" ಅಂದರು.

ನಾನು ಅಳುವುದಕ್ಕೆ ಕೂತೆ. ಅಜ್ಜಿ ನೀರು ಹಾಕುತ್ತಿದ್ದ ಅಷ್ಟು ಮನೆಗಳಲ್ಲಿ ಒಬ್ಬರಾದರೂ ಹೀಗನ್ನುತ್ತಿದ್ದರೋ ಏನೋ. ಕೇಳಿ ನೋಡಿದವರು ಯಾರು? ಈಗ ನಮ್ಮ ನಡುಮನೆಯಲ್ಲಿ, ಎಲ್ಲರ ಕೈಗೂ ಎಟಕುವಷ್ಟು ಎತ್ತರದಲ್ಲಿ ಒಂದು ಮೊಳೆ ಇದೆ. ಅದರಲ್ಲಿ ಸಾಕಮ್ಮಜ್ಜಿಯ ಚೀಲವಿದೆ, ಚೀಲದಲ್ಲಿ ನನ್ನ ಪಂಪಿದೆ.